ಬೆಟ್ಟದ ಎಲೆಯ ಕಷಾಯ ಆಯಿಗೆ ಕೊಡಬಹುದಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿರುವ ಒಂದು ಗಿಡದ ಸಾರ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂದು ಓದಿದೆ. ಎಲೆಯ ಕಷಾಯ ಮಾಡಿ ಕೊಡಬಹುದೇ?

ಉತ್ತರ: ಬೇಡ. ಕೀಮೋ ನಡೆಯುವಾಗಂತೂ ಬೇಡವೇ ಬೇಡ.

ಆ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಎಲೆ ಒಣಗಿಸಿ, ಪುಡಿ ಮಾಡಿ, ಹೆಚ್ಚಾಗಿ ಮೆಥನಾಲ್ ಎಂಬ ಒಂದು ಬಗೆಯ ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ನೀವು ಕುದಿಸುವುದು ನೀರಿನಲ್ಲಿ. ಅಲ್ಲಿಗೇ ವಸ್ತು ಬೇರೆಯಾಯಿತು. ಆಮೇಲೆ ಚೆನ್ನೆಮಣೆಯ ಹಾಗೆ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಗುಳಿ ಮಾತ್ರ 96, ಒಂದೊಂದೂ ಬಟಾಣಿ ಹಿಡಿಸುವಷ್ಟು. ಅವುಗಳಲ್ಲಿ ಕ್ಯಾನ್ಸರ್ ಕೋಶ ಬೆಳೆಸಿ ಸಾರ ಹಾಕುತ್ತಾರೆ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಬೆರೆಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. (ಕೆಲವು ಸಾರಗಳು ತಾವೇ ಬಣ್ಣ ಬದಲಿಸಿ ನಮ್ಮನ್ನು ಏಮಾರಿಸುವುದೂ ಉಂಟು.)

ಕಚ್ಚಾ ಸಾರ ಮಿಲಿಲೀಟರಿಗೆ 20–30 ಮೈಕ್ರೊಗ್ರಾಂ ಒಳಗೇ ಅರ್ಧದಷ್ಟು ಕೋಶ ಕೊಂದರೆ ಮುಂದಿನ ಕೆಲಸಕ್ಕೆ ಎತ್ತಿಕೊಳ್ಳುತ್ತೇವೆ. ನೂರಾರು ಮೈಕ್ರೊಗ್ರಾಂ ಸುರಿದ ಮೇಲೆ ಸತ್ತರೆ ದೊಡ್ಡ ಸುದ್ದಿಯೇನಲ್ಲ. ಫಿನೈಲ್ ಹಾಕಿದರೂ ಸಾಯುತ್ತವೆ, ಅಲ್ವಾ? ಒಳ್ಳೆಯ ಕೋಶಗಳು ಅದೇ ಸಾರದಲ್ಲಿ ಉಳಿದವಾ? ಸುದ್ದಿಯಲ್ಲಿ ಬಿಟ್ಟುಹೋಗುವುದು ಇದೇ.

ಹಾಗಂತ ನಮ್ಮ ಕಾಡಿನ ಗಿಡಗಳು ಸುಮ್ನೆ ಅಲ್ಲ. ಪಶ್ಚಿಮ ಘಟ್ಟದಲ್ಲಿ ನೊಥಾಪೊಡೈಟಿಸ್ ಎಂಬ ನಾರುವ ಮರವಿದೆ. ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ವಿರೋಧಿ ವಸ್ತು ಅದರಲ್ಲಿದೆ ಎಂದು 1972ರಲ್ಲಿ ವರದಿಯಾಯಿತು. ಅದಕ್ಕೂ ಮೊದಲು, 1966ರಲ್ಲಿ, ಅಮೆರಿಕದಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಅದನ್ನು ಚೀನಾ ಮೂಲದ ಮರವೊಂದರಲ್ಲಿ ಪತ್ತೆ ಮಾಡಿದ್ದರು. ತಟ್ಟೆಯಲ್ಲಷ್ಟೇ ಅಲ್ಲ, ಇಲಿಗಳಲ್ಲೂ ಗೆದ್ದ ವಸ್ತು ಅದು. ರೋಗಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ರಕ್ತ, ವಿಪರೀತ ಭೇದಿ. 1970ರ ದಶಕದಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರ ರಚನೆಯನ್ನೇ ತಿದ್ದಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ! ಅದೂ ಗೆದ್ದ ವಸ್ತುವಿನ ಕತೆ.

ಆಯಿಯ ವಿಷಯಕ್ಕೆ ಬರೋಣ. ಹಲವು ಕೀಮೋ ಔಷಧಿಗಳನ್ನು ಒಡೆದು ಹೊರಹಾಕುವುದು ಲಿವರ್. ಕಷಾಯವೂ ಅಲ್ಲಿಗೇ ಹೋಗುತ್ತದೆ. ಔಷಧಿ ಬೇಗ ಕರಗಿ ಕೆಲಸ ಮಾಡದೇ ಹೋಗಬಹುದು, ಇಲ್ಲವೇ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ವಿಷವಾಗಬಹುದು. ಈಗಾಗಲೇ ನಾಲ್ಕು ದಿನ ಕುಡಿಸಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ. ಗಿಡದ ಫೋಟೋ ತೋರಿಸಿ, ಎಷ್ಟು ಕೊಟ್ಟಿರಿ ಅಂತ ಹೇಳಿ. ಮುಂದಿನ ಕೀಮೋಗೆ ಮೊದಲು ಲಿವರ್ ಪರೀಕ್ಷೆ ಬೇಕೇ ಎಂದು ಅವರೇ ತೀರ್ಮಾನಿಸುತ್ತಾರೆ.