ಜರ್ಮನಿಯಲ್ಲಿ ಒಂದು ವರ್ಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಂಪನಿ ನನ್ನನ್ನು ಒಂದು ವರ್ಷಕ್ಕೆ ಸ್ಟುಟ್‌ಗಾರ್ಟ್‌ಗೆ ಕಳಿಸುತ್ತಿದೆ. ಸಂಬಳ ಅಲ್ಲಿಯ ಕಂಪನಿಯದೇ. ಪತ್ನಿಯೂ ಜೊತೆಗಿರುತ್ತಾರೆ. ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಮನೆ ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಉತ್ತರ: ಮೊದಲು ವಿಳಾಸ. ಉಳಿದದ್ದೆಲ್ಲ ಅದರ ಬೆನ್ನಿಗೆ ಬರುತ್ತದೆ. ಮನೆ ಹೊಕ್ಕ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಅಲ್ಲಿಯವರು ಅದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಇಬ್ಬರ ಪಾಸ್‌ಪೋರ್ಟ್, ವೀಸಾ, ತುಂಬಿದ ಅರ್ಜಿ, ಮದುವೆ ಪ್ರಮಾಣಪತ್ರ ಮತ್ತು ಅದರ ಜರ್ಮನ್ ಅನುವಾದ ಜೊತೆಗಿರಲಿ. ಇವುಗಳ ಮೇಲೆ ಇನ್ನೊಂದು ಕಾಗದ ಬೇಕು: ‘ಇವರು ಇಂಥ ದಿನದಿಂದ ಈ ಮನೆಯಲ್ಲಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಹಾಕಿದ ಪತ್ರ. ಬಹಳ ಮಂದಿ ಎಡವುವುದು ಇಲ್ಲೇ. ಬಾಡಿಗೆ ಕರಾರು ತೋರಿಸಿದರೆ ಸಾಲದು; 2015ರ ನವೆಂಬರ್‌ನಿಂದ ಈ ಪತ್ರ ಕಡ್ಡಾಯ. ಹೋಟೆಲುಗಳು ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ, ತಿಂಗಳ ಲೆಕ್ಕದ ಸರ್ವಿಸ್ ಅಪಾರ್ಟ್‌ಮೆಂಟುಗಳಲ್ಲಿ ಕೆಲವು ಕೊಡುತ್ತವೆ, ಕೆಲವು ಇಲ್ಲ. ಮೊದಲ ತಿಂಗಳ ವಸತಿ ಕಾಯ್ದಿರಿಸುವಾಗಲೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ವಿಮಾನ ಹತ್ತುವ ಮುಂಚೆಯೇ ಆನ್‌ಲೈನಿನಲ್ಲಿ ಹುಡುಕಲು ಶುರುಮಾಡಿ.

ನೋಂದಣಿಯಾದರೆ 11 ಅಂಕಿಯ ತೆರಿಗೆ ಸಂಖ್ಯೆ ತಾನಾಗಿ ಅಂಚೆಯಲ್ಲಿ ಬರುತ್ತದೆ, ಸಾಧಾರಣವಾಗಿ ಎರಡರಿಂದ ನಾಲ್ಕು ವಾರದಲ್ಲಿ. ಅದನ್ನು ಕಂಪನಿಗೆ ಕೊಡದೆ ಬಿಟ್ಟರೆ ಅತಿ ಹೆಚ್ಚು ಕಡಿತವಿರುವ ಆರನೆಯ ತೆರಿಗೆ ವರ್ಗಕ್ಕೆ ಸಂಬಳ ಬೀಳಬಹುದು. ಹೆಚ್ಚಿಗೆ ಹೋದ ಹಣ ಆಮೇಲೆ ಮರಳುತ್ತದೆ, ಆದರೆ ಅಡ್ವಾನ್ಸ್ ಕಟ್ಟಬೇಕಾದ ಮೊದಲ ತಿಂಗಳಲ್ಲೇ ಕೈ ಕಟ್ಟಿಹಾಕುತ್ತದೆ.

ಪತ್ರ ಬಾರದಿರಲು ಬಲು ಸಣ್ಣ ಕಾರಣವೊಂದಿದೆ. ಅಲ್ಲಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸು. ಬ್ಯಾಂಕ್ ಕಾರ್ಡೂ ಅದರ ಪಿನ್ನೂ ಬೇರೆ ಬೇರೆ ಲಕೋಟೆಯಲ್ಲಿ ಬರುವುದರಿಂದ ಒಂದು ಸಿಕ್ಕಿ ಇನ್ನೊಂದು ಕಳೆಯುವುದೂ ಉಂಟು. ಬೀಗದ ಕೈ ಸಿಕ್ಕ ದಿನವೇ ಅಂಚೆ ಪೆಟ್ಟಿಗೆ, ಕರೆಗಂಟೆ ಎರಡರ ಮೇಲೂ ಇಬ್ಬರ ಹೆಸರು ಅಂಟಿಸಿ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟವರು ಹೆಚ್ಚು. ಅಂಥವರ ಹೆಸರು ಒಂದೊಂದು ಕಡೆ ಒಂದೊಂದು ರೀತಿ ದಾಖಲಾಗುತ್ತದೆ. ನೋಂದಣಿ ಪತ್ರದಲ್ಲಿ ಹೇಗಿದೆಯೋ ಅದೇ ರೂಪ ಬ್ಯಾಂಕಿಗೆ, ವಿಮೆಗೆ, ಪೆಟ್ಟಿಗೆಗೆ. ಕಚೇರಿಯಿಂದ ಎದ್ದು ಬರುವ ಮುನ್ನ ಅಕ್ಷರ ಅಕ್ಷರ ಓದಿ ನೋಡಿ. ಆಗಲೇ ತಿದ್ದಿಸುವುದು ಸುಲಭ.

ಪ್ರಶ್ನೆ: ಜಾಹೀರಾತಿನಲ್ಲಿ ‘ಕಾಲ್ಟ್ 800, ವಾರ್ಮ್ 1,050 ಯೂರೋ’ ಎಂದಿದೆ. 2,400 ಯೂರೋ ಅಡ್ವಾನ್ಸ್ ಮೊದಲು ಕಳಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುತ್ತಾರಂತೆ. ಕೊಡಬಹುದೇ?

ಉತ್ತರ: ಬೇಡ. ಮೊತ್ತ ಕಾನೂನಿನ ಮಿತಿಯೊಳಗೇ ಇದೆ, ದಾರಿ ಮೋಸಗಾರರದು. ಮನೆ ನೋಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೋ ಕೂಡ ಕಳಿಸಬೇಡಿ. ಮನೆ ಬಾಡಿಗೆಗೆ ಅಡ್ವಾನ್ಸ್ ಮೂರು ತಿಂಗಳ ಬರೀ ಬಾಡಿಗೆಯನ್ನು, ಅಂದರೆ ಕಾಲ್ಟ್ ಮೊತ್ತದ ಮೂರು ಪಟ್ಟನ್ನು ಮೀರುವಂತಿಲ್ಲ. ಅದನ್ನು ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಮೊದಲ ಕಂತು ಬಾಡಿಗೆ ಆರಂಭವಾದಾಗ.

ವಾರ್ಮ್ ಎಂದರೆ ಬಾಡಿಗೆಯ ಮೇಲೆ ಹೀಟಿಂಗ್, ನೀರು, ಕಸ, ಮೆಟ್ಟಿಲ ಸ್ವಚ್ಛತೆ ಮುಂತಾದವಕ್ಕೆ ಮುಂಗಡ ಸೇರಿದ್ದು. ಕರೆಂಟ್ ಸಾಮಾನ್ಯವಾಗಿ ಇದರಲ್ಲಿಲ್ಲ. ಮುಂಗಡ ಮುಂಗಡವೇ: ವರ್ಷಕ್ಕೊಮ್ಮೆ ನಿಜವಾದ ಲೆಕ್ಕ ಬರುತ್ತದೆ, ಹೆಚ್ಚು ಬಳಸಿದ್ದರೆ ತುಂಬಿಕೊಡಬೇಕು. ಲೆಕ್ಕದ ಅವಧಿ ಮುಗಿದ ಮೇಲೆ ಅದನ್ನು ಕೊಡಲು ಮಾಲೀಕರಿಗೆ ಇನ್ನೂ 12 ತಿಂಗಳ ಸಮಯವಿದೆ, ಹಾಗಾಗಿ ನೀವು ಊರಿಗೆ ಮರಳಿದ ಮೇಲೂ ಬರಬಹುದು.

ಕರಾರಿನಲ್ಲಿ ಎರಡು ಸಾಲು ಹುಡುಕಿ. ಇಂತಿಷ್ಟು ಕಾಲ ಬಿಡುವಂತಿಲ್ಲ ಎಂಬ ಷರತ್ತು ಇದೆಯೇ? ಎರಡು ವರ್ಷವೆಂದಿದ್ದರೆ ನಿಮಗೆ ಆ ಮನೆ ಸಲ್ಲದು. ಅಡುಗೆಮನೆ ಇದೆಯೇ? ಪೀಠೋಪಕರಣವಿಲ್ಲದ ಮನೆಯೆಂದರೆ ಎಷ್ಟೋ ಕಡೆ ಒಲೆ, ಸಿಂಕ್ ಕೂಡ ಇರುವುದಿಲ್ಲ. ಒಂದು ವರ್ಷಕ್ಕೆ ಇವನ್ನೆಲ್ಲ ಕೊಂಡು ಮಾರುವುದಕ್ಕಿಂತ ಬಾಡಿಗೆ ಹೆಚ್ಚಾದರೂ ಸಜ್ಜಾದ ಮನೆಯೇ ಲೇಸು. ಮನೆ ವಹಿಸಿಕೊಳ್ಳುವ ದಿನ ಗೋಡೆಯ ಗೀಚು, ನೆಲದ ಕಲೆ, ಮೀಟರ್ ಸಂಖ್ಯೆ ಮತ್ತು ರೀಡಿಂಗ್ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ, ಫೋಟೋ ತೆಗೆದಿಡಿ. ಅಡ್ವಾನ್ಸ್ ಉಳಿಯುವುದು ಈ ಹಾಳೆಯಿಂದ.

ಪ್ರಶ್ನೆ: ಚಳಿ ಶುರುವಾದ ಮೇಲೆ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ. ಕಿಟಕಿಯನ್ನು ಇಡೀ ದಿನ ಓರೆಯಾಗಿ ತೆರೆದೇ ಇಟ್ಟಿದ್ದೇನೆ. ಆದರೂ ಮಾಲೀಕರು ನನ್ನದೇ ತಪ್ಪು ಎನ್ನುತ್ತಾರೆ.

ಉತ್ತರ: ಆ ಓರೆ ಕಿಟಕಿಯೇ ಕಾರಣದಲ್ಲೊಂದು ಇರಬಹುದು. ಸಣ್ಣ ಸಂದಿಯಿಂದ ಗಾಳಿ ಸರಿಯಾಗಿ ಬದಲಾಗುವುದಿಲ್ಲ, ಕಿಟಕಿಯ ಸುತ್ತಲಿನ ಗೋಡೆ ಮಾತ್ರ ತಣ್ಣಗಾಗುತ್ತದೆ. ಕೋಣೆಯ ತೇವ ಆ ತಣ್ಣನೆ ಜಾಗದಲ್ಲಿ ನೀರಾಗಿ ಕೂತು ಬೂಷ್ಟು ಏಳುತ್ತದೆ. ಜರ್ಮನರು ಮಾಡುವುದು ಬೇರೆ: ಕಿಟಕಿಗಳನ್ನು ಪೂರ್ತಿ ತೆರೆದು, ಸಾಧ್ಯವಾದರೆ ಎದುರುಬದುರಿನವನ್ನು ಒಟ್ಟಿಗೆ ತೆರೆದು, 5ರಿಂದ 10 ನಿಮಿಷ ಬಿಟ್ಟು ಮುಚ್ಚುವುದು. ದಿನಕ್ಕೆ ಮೂರು ನಾಲ್ಕು ಸಲ. ಎದ್ದ ಕೂಡಲೇ, ಅಡುಗೆ ಆದ ಮೇಲೆ, ಸ್ನಾನದ ನಂತರ, ಮಲಗುವ ಮುಂಚೆ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ.

ಹೊರಗೆ ಮಳೆ, ಮಂಜು ಇರುವಾಗ ತೆರೆದರೆ ತೇವ ಒಳಬರುವುದಿಲ್ಲವೇ ಎಂಬ ಅನುಮಾನ ಸಹಜ. ಲೆಕ್ಕ ನೋಡಿ: ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹಿಡಿಯಬಲ್ಲ ನೀರಾವಿ ಸುಮಾರು 5 ಗ್ರಾಂ, 20 ಡಿಗ್ರಿಯದು 17 ಗ್ರಾಂ. ತೇವ ತುಂಬಿದ ಸೊನ್ನೆ ಡಿಗ್ರಿಯ ಗಾಳಿಯೂ ಕೋಣೆಯಲ್ಲಿ ಬೆಚ್ಚಗಾದರೆ ಅದರ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಚಳಿಗಾಲದ ಹೊರಗಾಳಿ ನಿಮ್ಮ ಮನೆಯನ್ನು ಒಣಗಿಸುತ್ತದೆ.

ಕಿಟಕಿ ತೆರೆಯುವಾಗ ರೇಡಿಯೇಟರಿನ ನಾಬ್ ಇಳಿಸಿ. ಇಲ್ಲದಿದ್ದರೆ ತಣ್ಣನೆ ಗಾಳಿ ತಗುಲಿ ಅದರ ಥರ್ಮೋಸ್ಟಾಟ್ ಪೂರ್ತಿ ತೆರೆದುಕೊಳ್ಳುತ್ತದೆ, ಬಿಸಿ ಬೀದಿಗೆ ಹೋಗುತ್ತದೆ. ನಾಬ್ ಮೇಲಿನ ಅಂಕಿ ಬೇಕಾದ ಉಷ್ಣತೆ, ವೇಗವಲ್ಲ: 3 ಅಂದರೆ ಸುಮಾರು 20 ಡಿಗ್ರಿ, 2 ಅಂದರೆ 16. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಕೊನೆಗೆ ಸೆಖೆಯಾಗುತ್ತದೆ ಅಷ್ಟೆ. ಮಲಗುವ ಕೋಣೆಯ ಹೀಟಿಂಗ್ ಪೂರ್ತಿ ಆರಿಸಿ ನಡುಮನೆಯ ಬಾಗಿಲು ತೆರೆದಿಡುವುದೂ ತಪ್ಪು. ನಡುಮನೆಯ ತೇವ ಅಲ್ಲಿ ಹೋಗಿ ಗೋಡೆಗೆ ಕೂರುತ್ತದೆ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಸರಿಸಿ. ಆರ್ದ್ರತೆಯ ಮಾಪಕವೊಂದನ್ನು ತಂದಿಡಿ. 40ರಿಂದ 60ರ ನಡುವೆ ಇರಲಿ. ಇಷ್ಟೆಲ್ಲ ಮಾಡಿಯೂ ಬೂಷ್ಟು ಮರಳಿದರೆ ದೋಷ ಗೋಡೆಯದಿರಬಹುದು. ಮಾಪಕದ ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟು ಮಾಲೀಕರಿಗೆ ಕಳಿಸಿ.

ಪ್ರಶ್ನೆ: ಭಾರತದ ಲೈಸೆನ್ಸ್ ನಡೆಯುತ್ತದೆಯೇ?

ಉತ್ತರ: ನೆಲೆಸಿದ ದಿನದಿಂದ ಆರು ತಿಂಗಳು. ವಾಸ ಒಂದು ವರ್ಷ ಮೀರುವುದಿಲ್ಲ ಎಂದು ತೋರಿಸಿಕೊಟ್ಟರೆ 364 ದಿನದವರೆಗೆ ವಿಸ್ತರಣೆ ಕೇಳಬಹುದು, ಆದರೆ ಅರ್ಜಿಯನ್ನು ಆರು ತಿಂಗಳು ಮುಗಿಯುವ ಮುಂಚೆ ಹಾಕಿ. ಹೊರಡುವ ಮೊದಲು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಮೂಲ ಲೈಸೆನ್ಸ್ ಜೊತೆಯಲ್ಲೇ ಇರಬೇಕು.

ಪ್ರಶ್ನೆ: ಟಿವಿ, ರೇಡಿಯೋ ಯಾವುದೂ ನನ್ನಲ್ಲಿಲ್ಲ. ಪ್ರಸಾರ ಶುಲ್ಕ ಕಟ್ಟಿ ಎಂದು ಪತ್ರ ಬಂದಿದೆ. ಮೋಸವೇ?

ಉತ್ತರ: ಅಲ್ಲ. ಶುಲ್ಕ ಮನೆಗೆ, ಉಪಕರಣಕ್ಕಲ್ಲ: ತಿಂಗಳಿಗೆ 18.36 ಯೂರೋ. ಒಂದು ಮನೆಗೆ ಒಂದೇ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆ ಬರೆದು ಉತ್ತರಿಸಿ. ಸುಮ್ಮನಿದ್ದರೆ ಬಾಕಿಯ ಮೇಲೆ ದಂಡವೂ ಸೇರುತ್ತದೆ.

ಪ್ರಶ್ನೆ: ಕೆಲಸ ಜೂನ್ ಕೊನೆಗೆ ಮುಗಿಯುತ್ತದೆ. ಮನೆ ಬಿಡುವುದನ್ನು ಯಾವಾಗ ತಿಳಿಸಬೇಕು?

ಉತ್ತರ: ಅವಧಿ ನಿಗದಿಯಾಗದ ಕರಾರಾದರೆ ನೋಟಿಸ್ ಮೂರು ತಿಂಗಳದು. ತಿಂಗಳ ಮೂರನೆಯ ಕೆಲಸದ ದಿನದೊಳಗೆ ತಲುಪಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ. ಜೂನ್ 30ಕ್ಕೆ ಬಿಡಬೇಕಾದರೆ ಏಪ್ರಿಲ್ ಆರಂಭದಲ್ಲೇ ಪತ್ರ ಅವರ ಕೈಯಲ್ಲಿರಬೇಕು, ಎರಡು ದಿನ ತಡವಾದರೆ ಜುಲೈ ಬಾಡಿಗೆಯೂ ನಿಮ್ಮದೇ. ಇಮೇಲ್, ವಾಟ್ಸಾಪ್ ಸಂದೇಶ ಸಲ್ಲದು. ಕಾಗದ, ಅದರ ಮೇಲೆ ಶಾಯಿಯ ಸಹಿ. ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಮಾಡಬೇಕು.

ವಿಳಾಸ ರದ್ದತಿಯನ್ನು ಹೊರಡುವ ಒಂದು ವಾರ ಮುಂಚಿನಿಂದ, ಹೊರಟ ಎರಡು ವಾರದೊಳಗೆ ಮಾಡಿಸಿ. ಅದರ ದೃಢೀಕರಣ ಪತ್ರವನ್ನು ಜೋಪಾನವಾಗಿಡಿ; ಪ್ರಸಾರ ಶುಲ್ಕ ನಿಲ್ಲಿಸಲು, ಇಂಟರ್‌ನೆಟ್ ಕಂಪನಿಗೆ ತೋರಿಸಲು ಅದೇ ಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಆಗಲೇ ಮುಚ್ಚಬೇಡಿ. ಅಡ್ವಾನ್ಸ್ ಮರಳಲು ತಿಂಗಳುಗಳು ಹಿಡಿಯುತ್ತವೆ, ಹೀಟಿಂಗ್ ಲೆಕ್ಕ ಬಾಕಿಯಿದ್ದರೆ ಒಂದು ಭಾಗವನ್ನು ಮಾಲೀಕರು ಇನ್ನೂ ಹಿಡಿದಿಟ್ಟುಕೊಳ್ಳಬಹುದು. ಊರಿನ ವಿಳಾಸ, ಖಾತೆ ಸಂಖ್ಯೆ ಎರಡನ್ನೂ ಮನೆ ಒಪ್ಪಿಸುವ ದಿನದ ಪತ್ರದಲ್ಲೇ ಬರೆದುಕೊಡಿ.