ಕುದುರೆಗೆ ಅರ್ಧ ಪುಟ, ಕೊಂಡಣ್ಣನಿಗೆ ಒಂದು ಸಾಲೂ ಇಲ್ಲ

ಪ್ರಿಯ ಲೇಖಕರೆ,

ನೀವು ಕಳಿಸಿದ ಬೌದ್ಧ ಧರ್ಮದ ಪರಿಚಯ ಲೇಖನ ಓದಿದೆ. ಕಾಗುಣಿತ ಶುದ್ಧವಾಗಿದೆ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಸಿಕ್ಕ, ಅಶೋಕನ ಹೆಸರು ಕೆತ್ತಿದ ಶಿಲ್ಪದ ಪ್ಯಾರಾ ಚೆನ್ನಾಗಿದೆ. ಹೊಗಳಿದ್ದಾಯ್ತು, ಇನ್ನು ಜಗಳ.

“29 ವರ್ಷದವರೆಗೂ ಒಬ್ಬ ಮುದುಕನನ್ನೂ ಕಂಡಿರದ ರಾಜಕುಮಾರ” ಅಂತ ಬರೆದಿದ್ದೀರಿ. ಅಲ್ಲ ಸ್ವಾಮಿ, ಮನೆಯಲ್ಲೇ ಇದ್ದ ಅಪ್ಪ ಶುದ್ಧೋದನನಿಗೆ ವಯಸ್ಸಾಗಲಿಲ್ವಾ? ಬುದ್ಧನ ಮಾತುಗಳ ಹಳೆಯ ಪಾಲಿ ಸಂಗ್ರಹವಾದ ದೀಘ ನಿಕಾಯದಲ್ಲಿ ಮುದುಕ, ರೋಗಿ, ಹೆಣ, ಸನ್ಯಾಸಿಯನ್ನು ಕಾಣುವವನು ವಿಪಸ್ಸಿ ಎಂಬ ಹಿಂದಿನ ಬುದ್ಧ. ಗೌತಮನಿಗೆ ಆ ಕಥೆ ಅಂಟಿದ್ದು ಆಮೇಲೆ.

ಮುಂದಿನ ಸಾಲು, “ನಡುರಾತ್ರಿ ಯಾರಿಗೂ ತಿಳಿಯದಂತೆ ಹೊರಟ.” ಅಂಥದೇ ಇನ್ನೊಂದು ಸಂಗ್ರಹ ಮಜ್ಝಿಮ ನಿಕಾಯದಲ್ಲಿ ಬುದ್ಧ ತಾನೇ ಹೇಳಿಕೊಳ್ಳುವುದು ಬೇರೆ: ತಲೆಗೂದಲು ಇನ್ನೂ ಕಪ್ಪಗಿತ್ತು, ಅಪ್ಪ ಅಮ್ಮ ಬೇಡವೆಂದು ಅಳುತ್ತಿದ್ದರು, ತಲೆ ಬೋಳಿಸಿ ಕಾವಿ ಉಟ್ಟು ಹೊರಟೆ. (ಹೆತ್ತ ಮಾಯಾದೇವಿ ಆಗಲೇ ಇರಲಿಲ್ಲ. ಸಾಕಿದ ಚಿಕ್ಕಮ್ಮ ಪಜಾಪತಿ ಇರಬೇಕು.) ಅಳುವವರ ಮುಂದೆಯೇ ಎದ್ದು ಹೋಗುವುದು ಇನ್ನೂ ಕಷ್ಟ ಅಲ್ವಾ?

ನಾನು ವಾರಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರು ಜಾತ್ರೆ, ಮಠದ ಲೇಖನಗಳನ್ನೆಲ್ಲ ನಮ್ಮ ಮುಂದೆ ಹಾಕುತ್ತಿದ್ದರು. ಪ್ರತಿ ಸಾಲಿನ ಪಕ್ಕ ಕಥೆಯಾದರೆ ‘ಕ’, ದಾಖಲೆಯಾದರೆ ‘ದಾ’ ಬರೆಯಬೇಕು. ಕಥೆಯನ್ನು ಅವರು ಹೊಡೆದು ಹಾಕುತ್ತಿರಲಿಲ್ಲ. “ಕಥೆ ಅಂತ ಹೇಳಿ ಹೇಳಪ್ಪ, ಅಷ್ಟೇ” ಅನ್ನುತ್ತಿದ್ದರು. ನಿಮ್ಮ ಎರಡನೇ ಪುಟದ ತುಂಬ ‘ಕ’ ಬರೆದಿದ್ದೇನೆ. ಬೇಜಾರಾಗಬೇಡಿ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲಿ. ಅವನು ಏರಿ ಹೊರಟನೆಂಬ ಕುದುರೆ ಕಂಥಕನಿಗೆ ಅರ್ಧ ಪುಟ. ಬೋಧನೆಯ ತಿರುಳಾದ ನಾಲ್ಕು ಸತ್ಯಗಳಿಗೆ ಒಂದೇ ಸಾಲು: “ಬದುಕೆಲ್ಲ ದುಃಖ, ಆಸೆಯೇ ಅದಕ್ಕೆ ಕಾರಣ ಎಂದ ಬುದ್ಧ.” ಎರಡಕ್ಕೇ ನಿಲ್ಲಿಸಿಬಿಟ್ಟಿರಿ! ಅದು ಕೊನೆಯಾಗಬಲ್ಲದು ಎಂಬುದು ಮೂರನೆಯದು. ಅದಕ್ಕೆ ಎಂಟು ಅಂಗಗಳ ದಾರಿ ಇದೆ ಎಂಬುದು ನಾಲ್ಕನೆಯದು. ಇವಿಲ್ಲದಿದ್ದರೆ ಬುದ್ಧ ಸುಮ್ನೆ ಗೊಣಗಿದಂತೆ ಕಾಣುತ್ತದೆ. ದುಃಖವನ್ನೂ ಅವನು ಮೋಡದಲ್ಲಿ ಬಿಡಲಿಲ್ಲ. ಹುಟ್ಟು, ಮುಪ್ಪು, ಕಾಯಿಲೆ, ಸಾವು, ಬೇಡದವರ ಜೊತೆ ಇರುವುದು, ಬೇಕಾದವರನ್ನು ಬಿಟ್ಟಿರುವುದು, ಬಯಸಿದ್ದು ಸಿಗದಿರುವುದು ಅಂತ ಎಣಿಸಿ ಹೇಳಿದ. ಐದನೆಯದು ಕೂಡುಕುಟುಂಬದಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ನಿಮಗೆ ನಾಟಕವೇ ಬೇಕಿದ್ದರೆ ಬುದ್ಧ ಮೊದಲ ಬೋಧನೆ ಮಾಡಿದ ಸಾರನಾಥಕ್ಕೆ ಬನ್ನಿ. ಉಗ್ರ ತಪಸ್ಸು ಬಿಟ್ಟು ಊಟ ಮಾಡಿದ ಅಂತ ಸಿಟ್ಟಾಗಿ ಅವನನ್ನು ಬಿಟ್ಟುಹೋದ ಐವರು ಜೊತೆಗಾರ ತಪಸ್ವಿಗಳು ಅಲ್ಲಿದ್ದಾರೆ. ಅವನು ಬಂದರೆ ಏಳುವುದು ಬೇಡ, ನಮಸ್ಕಾರವೂ ಬೇಡ ಎಂದು ಮಾತಾಡಿಕೊಂಡಿದ್ದಾರೆ. ಅವನು ಹತ್ತಿರ ಬಂದಂತೆ ಒಬ್ಬ ಎದ್ದು ಭಿಕ್ಷಾಪಾತ್ರೆ ಇಸಿದುಕೊಂಡ, ಇನ್ನೊಬ್ಬ ಮಣೆ ಹಾಕಿದ, ಮತ್ತೊಬ್ಬ ಕಾಲಿಗೆ ನೀರು ತಂದ. ಆಮೇಲೆ ಅವನು ಹೇಳಿದ್ದೇ ಈ ನಾಲ್ಕು ಸತ್ಯ. ಆ ಐವರಲ್ಲಿ ಮೊದಲು ಅರ್ಥವಾದದ್ದು ಕೊಂಡಣ್ಣನಿಗೆ. ಇದೂ ಹಳೆಯ ಪಠ್ಯದಲ್ಲೇ ಇದೆ, ನೀವು ಮುಟ್ಟಿಲ್ಲ.

ಇಲ್ಲಿಂದ ಶುರು ಮಾಡಿ ಮತ್ತೆ ಬರೆಯಿರಿ. ಕಂಥಕನಿಗೆ ಎರಡು ಸಾಲು ಸಾಕು. ಹೊಸ ಪ್ರತಿಯನ್ನು ಯುನಿಕೋಡ್‌ನಲ್ಲೇ ಕಳಿಸಿ, ಹಳೇ ಫಾಂಟ್‌ನಲ್ಲಿ ಒತ್ತಕ್ಷರವೆಲ್ಲ ಒಡೆದು ಬರುತ್ತಿದೆ.

ಇಂತಿ,
ಸಂಪಾದಕ