ತಾತನ ಬದುಕನ್ನು ಬರೆಯಲು ಕುಳಿತಾಗ

ಪ್ರಶ್ನೆ: ಮಾನ್ಯರೇ, ನಮ್ಮ ತಾತ ತೀರಿಕೊಂಡು ಎಂಟು ತಿಂಗಳಾದವು. 91 ವರ್ಷ ಬದುಕಿದ ಅವರು ಹಾಸಿಗೆ ಹಿಡಿಯುವವರೆಗೂ ಬೆಳಕು ಹರಿಯುವ ಮೊದಲೇ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. ಬಂಧುಗಳಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದವರೂ ಅವರೇ. ಅವರ ಕುರಿತು ಒಂದು ಕಿರುಪುಸ್ತಕ ಮಾಡಿ ಮನೆಯವರಿಗೆಲ್ಲ ಹಂಚಬೇಕೆಂದಿದ್ದೇವೆ. ಬರೆಯುವ ಹೊಣೆ ನನ್ನದು. ಆದರೆ ಅವರಿಗಿದ್ದ ದೈವಶ್ರದ್ಧೆ ನನಗಿಲ್ಲ. ಅಪ್ಪ ಹರೆಯದಲ್ಲಿ ಮನೆಯ ಧಾರ್ಮಿಕ ಆಚರಣೆಗಳನ್ನು ಬಿಟ್ಟಾಗ ತಾತ ಅವರೊಂದಿಗೆ ಆರು ವರ್ಷ ಮಾತು ಬಿಟ್ಟಿದ್ದರಂತೆ. ಅದನ್ನು ಬರೆಯಲೇಬಾರದು ಎನ್ನುತ್ತಾರೆ ಅತ್ತೆ. ಏನು ಬರೆಯಲಿ, ಏನು ಬಿಡಲಿ? ಈಗಲೂ ತೋಚದೇ ಹೋದಾಗ ಮನಸ್ಸಿನಲ್ಲೇ ತಾತನನ್ನು ಕೇಳುತ್ತೇನೆ. ಇದು ಸರಿಯೇ ಎಂಬುದನ್ನೂ ತಿಳಿಸಿ.
(ಹೆಸರು ಬೇಡವೆಂದ ಓದುಗರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ನೆಮ್ಮದಿಯ ಉತ್ತರವಿದೆ. ಅಗಲಿದವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವೇ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದಿದ್ದರು, ಆ ವಿಚಾರ ಬಹುಕಾಲ ಪ್ರಭಾವ ಬೀರಿತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಮೂವರು ವಿದ್ವಾಂಸರು ಇದನ್ನು ಪ್ರಶ್ನಿಸಿ, ಬಹಳಷ್ಟು ಜನರು ಅಗಲಿದವರೊಂದಿಗಿನ ಸಂಬಂಧವನ್ನು ಬೇರೊಂದು ರೂಪದಲ್ಲಿ ಉಳಿಸಿಕೊಂಡೇ ಬದುಕುತ್ತಾರೆ, ಅದು ಕಾಯಿಲೆಯ ಲಕ್ಷಣವಲ್ಲ ಎಂದು ತೋರಿಸಿಕೊಟ್ಟರು. ತಾತನನ್ನು ಕೇಳುವುದನ್ನು ನೀವು ನಿಲ್ಲಿಸಬೇಕಾಗಿಲ್ಲ. ಕೇಳಿದಾಗ ಅವರು ಏನೆಂದರೆಂದು ನಿಮಗೆ ಅನ್ನಿಸುತ್ತದೆಯೋ ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ; ಅವರ ಮಾತಿನ ಧಾಟಿ ನಿಮ್ಮೊಳಗೆ ಎಷ್ಟು ಉಳಿದಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಇನ್ನು ಶ್ರದ್ಧೆಯ ವಿಷಯ. ‘ತಾತ ಮಹಾ ದೈವಭಕ್ತರು’ ಎಂಬ ವಾಕ್ಯವನ್ನು ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಸುಳ್ಳೆಂದಲ್ಲ, ಯಾರ ತಾತನ ಬಗ್ಗೆಯೂ ಹೇಳಬಹುದಾದ ಮಾತು ಅದು. ಪ್ರಾರ್ಥನೆಗೆ ಅವರು ಮನೆಯ ಯಾವ ಮೂಲೆಯಲ್ಲಿ ಕೂರುತ್ತಿದ್ದರು, ಬಾಯಿಬಿಟ್ಟು ಹೇಳುತ್ತಿದ್ದರೋ ಮೌನವಾಗಿರುತ್ತಿದ್ದರೋ, ಮಕ್ಕಳು ಮಧ್ಯದಲ್ಲಿ ಬಂದು ಮಡಿಲೇರಿದರೆ ಏನು ಮಾಡುತ್ತಿದ್ದರು, ಕಾಯಿಲೆ ಬಿದ್ದ ದಿನ ಅದನ್ನು ಹೇಗೆ ನಡೆಸಿದರು, ಬೇಡಿದ್ದು ದೊರೆಯದೆ ಹೋದಾಗ ದೇವರ ಮೇಲೆ ಮುನಿಸಿಕೊಂಡದ್ದುಂಟೇ ಎಂಬುದನ್ನೆಲ್ಲ ವಿಚಾರಿಸಿ. ಅವರು ನಿತ್ಯ ಓದುತ್ತಿದ್ದ ಧರ್ಮಗ್ರಂಥ ಮನೆಯಲ್ಲಿದ್ದರೆ ಅದನ್ನು ನಿಧಾನವಾಗಿ ತಿರುವಿ ನೋಡಿ. ಬೆರಳ ಗುರುತಿನಿಂದ ಕಪ್ಪಾದ, ಅಂಚು ಸವೆದ ಪುಟಗಳು ಯಾವುವು, ಗೆರೆ ಎಳೆದ ಸಾಲುಗಳು ಯಾವುವು, ನಡುವೆ ಇಟ್ಟ ಚೀಟಿಗಳಲ್ಲಿ ಯಾರ ಹೆಸರುಗಳಿವೆ? ಯಾವ ಮಾತನ್ನು ಅರಸಿ ಅವರು ಮತ್ತೆಮತ್ತೆ ಆ ಪುಟಕ್ಕೆ ಹೋಗುತ್ತಿದ್ದರು ಎಂಬುದನ್ನು ಮಕ್ಕಳಿಗೂ ಅವರು ಹೇಳಿರಲಾರರು. ಆ ಪುಸ್ತಕ ಹೇಳಬಹುದು. ಇದನ್ನು ಬರೆಯಲು ನಿಮಗೆ ಅವರ ನಂಬಿಕೆಯೇ ಇರಬೇಕೆಂದಿಲ್ಲ, ಕಂಡದ್ದನ್ನು ಕಂಡಂತೆ ಬರೆಯುವ ಗೌರವವಿದ್ದರೆ ಸಾಕು. ಇಲ್ಲದ ಭಕ್ತಿಯನ್ನು ಬರಹದಲ್ಲಿ ತೋರಿಸಹೊರಟರೆ ಮಾತ್ರ ಓದುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಮನೆಯವರನ್ನು ಮಾತನಾಡಿಸುವಾಗ ಅತ್ಯಂತ ಹಿರಿಯರಿಂದ ಆರಂಭಿಸಿ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಕೇಳಿ. ಎಲ್ಲರೂ ಒಟ್ಟಿಗೆ ಕುಳಿತರೆ ಒಬ್ಬರ ನೆನಪು ಇನ್ನೊಬ್ಬರದರಲ್ಲಿ ಬೆರೆತು, ಜೋರಾಗಿ ಹೇಳಿದವರದೇ ಎಲ್ಲರ ನೆನಪಾಗಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ ಕೇಂಬ್ರಿಜ್‌ನಲ್ಲಿ ನಡೆಸಿ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ ಒಂದು ಅಪರಿಚಿತ ಕಥೆಯನ್ನು ಜನರು ಮತ್ತೆಮತ್ತೆ ನೆನಪಿಸಿಕೊಂಡು ಬರೆದಂತೆಲ್ಲ ವಿಚಿತ್ರವೆನಿಸಿದ ವಿವರಗಳು ಉದುರಿ, ತಮಗೆ ಪರಿಚಿತವಾದ ವಿವರಗಳು ಸೇರಿಕೊಳ್ಳುತ್ತಿದ್ದವು. ಮನೆಮನೆಯ ತಾತಂದಿರಿಗೂ ಆಗುವುದು ಇದೇ: ಅವರಿಗೊಬ್ಬರಿಗೇ ವಿಶಿಷ್ಟವಾಗಿದ್ದ ಓರೆಕೋರೆಗಳು ಉದುರಿಹೋಗಿ, ನಯವಾದ ಸಂತರೊಬ್ಬರು ಉಳಿಯುತ್ತಾರೆ. ನೀವು ಈಗಲೇ ಬರೆಯುತ್ತಿರುವುದು ಅದಕ್ಕಾಗಿ ಒಳ್ಳೆಯದು. ಇಬ್ಬರ ನೆನಪು ಬೇರೆಬೇರೆಯಾಗಿದ್ದರೆ ತೀರ್ಪು ಕೊಡಲು ಹೋಗದೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಪ್ರತಿಯನ್ನು ಬೇರೆ ಕಡೆಯಲ್ಲೂ ಇಡಿ.

ಆ ಆರು ವರ್ಷಗಳ ಮೌನದ ಬಗ್ಗೆ ನಾನು ನಿಮ್ಮ ಅತ್ತೆಯವರನ್ನು ಒಪ್ಪುವುದಿಲ್ಲ, ಆದರೆ ಅವರ ಅಳುಕು ನನಗೆ ಅರ್ಥವಾಗುತ್ತದೆ. ತಂದೆಯ ಹೆಸರಿಗೆ ಕುಂದು ಬರಬಾರದೆಂಬ ಮಗಳ ಕಾಳಜಿ ಅದು. ಹಾಗಿದ್ದರೂ, ಆ ಘಟನೆ ತಾತನದಷ್ಟೇ ನಿಮ್ಮ ಅಪ್ಪನದೂ ಹೌದಾದ್ದರಿಂದ ಮೊದಲು ಕೇಳಬೇಕಾದದ್ದು ಅಪ್ಪನನ್ನು. ಅವರು ಬೇಡವೆಂದರೆ ಬಿಟ್ಟುಬಿಡಿ, ಒತ್ತಾಯಿಸಬೇಡಿ. ಅವರು ಒಪ್ಪಿದರೆ ಜಗಳವನ್ನಷ್ಟೇ ಕೇಳಿ ನಿಲ್ಲಿಸದೆ, ಮೌನ ಹೇಗೆ ಮುರಿಯಿತು, ಮೊದಲು ಮಾತನಾಡಿದವರು ಯಾರು, ಆ ವರ್ಷಗಳಲ್ಲಿ ಅಜ್ಜಿ ಇಬ್ಬರ ನಡುವೆ ಏನೇನು ಹೊತ್ತು ತಿರುಗಿದರು ಎಂದು ಕೇಳಿ. ಮಗನ ಮೇಲಿನ ಅಕ್ಕರೆಯೂ ದೇವರ ಮೇಲಿನ ನಿಷ್ಠೆಯೂ ಎದುರುಬದುರಾದಾಗ ಆ ಮನುಷ್ಯ ಪಟ್ಟ ಪಾಡು ತಿಳಿಯದೆ ಅವರ ಶ್ರದ್ಧೆಯ ತೂಕ ಮೊಮ್ಮಕ್ಕಳಿಗೆ ತಿಳಿಯುವುದು ಹೇಗೆ? ಮುನಿಸು ಇದ್ದದ್ದನ್ನೇ ಮುಚ್ಚಿಟ್ಟರೆ ರಾಜಿಯಾದದ್ದನ್ನೂ ಹೇಳಲಾಗುವುದಿಲ್ಲ.

ಇದರಿಂದ ಮಕ್ಕಳ ಮನಸ್ಸು ಕೆಡುತ್ತದೆಂದು ಅತ್ತೆ ಹೇಳಿದರೆ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರ ಅಧ್ಯಯನವನ್ನು ತಿಳಿಸಿ. ಕುಟುಂಬದ ಹಿನ್ನೆಲೆಯ ಬಗ್ಗೆ 20 ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿದಾಗ, ಹೆಚ್ಚು ತಿಳಿದಿದ್ದ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಾಗಿರುವುದು ಅವರಿಗೆ ಕಂಡುಬಂತು. ಏಳನ್ನೂ ಬೀಳನ್ನೂ ಎರಡನ್ನೂ ಹೇಳುವ ಕುಟುಂಬಕಥೆಯೇ ಮಕ್ಕಳಿಗೆ ಹೆಚ್ಚು ಬಲ ಕೊಡುತ್ತದೆಂಬುದು ಡ್ಯೂಕ್ ಅವರ ಅಭಿಪ್ರಾಯ. ಒಂದರಿಂದಲೇ ಇನ್ನೊಂದು ಆಯಿತೆಂದು ಆ ಅಧ್ಯಯನ ಸಾಬೀತು ಮಾಡುವುದಿಲ್ಲ, ಆದರೂ ಮುಚ್ಚಿಡುವ ಪರವಾಗಿ ಅದರಲ್ಲಿ ಏನೂ ಇಲ್ಲ.

ಅಚ್ಚಿಗೆ ಕೊಡುವ ಮೊದಲು ಕರಡುಪ್ರತಿಯನ್ನು ಅಪ್ಪನಿಗೂ ಅತ್ತೆಗೂ ನೀವೇ ಎದುರು ಕುಳಿತು ಓದಿ ಹೇಳಿ. ಅತ್ತೆ ಬೇರೆ ಏನನ್ನಾದರೂ ಸೇರಿಸಬೇಕೆಂದರೆ ಅವರ ಮಾತಿನಲ್ಲೇ ಸೇರಿಸಿ. ಪುಸ್ತಕದ ಕೊನೆಯಲ್ಲಿ ನಾಲ್ಕೈದು ಖಾಲಿ ಹಾಳೆಗಳನ್ನು ಬಿಡಿ. ಪುಸ್ತಕ ಕೈಗೆ ಬಂದ ಮೇಲೆಯೇ ಎಷ್ಟೋ ಜನರಿಗೆ ತಾತ ನೆನಪಾಗುತ್ತಾರೆ.